ಸೆಕ್ಷನ್ 8 ಬಾಡಿಗೆದಾರರು: ಪರೀಕ್ಷೆ ಬರೆದದ್ದು ನನ್ನ ಮನೆ

2018ರಲ್ಲಿ ನ್ಯೂಜೆರ್ಸಿಯ ಒಂದು ಹಳೇ ಊರಿನಲ್ಲಿ ಎರಡು ಸಂಸಾರದ ಮನೆ ತೆಗೆದುಕೊಂಡೆ. 1926ರಲ್ಲಿ ಕಟ್ಟಿದ್ದು. ಕೆಳಗಿನ ಮನೆಯಲ್ಲಿ ಮೊದಲಿನಿಂದಲೂ ಒಬ್ಬ ಅಜ್ಜ ಇದ್ದರು. ಮೇಲಿನದು ಖಾಲಿ. ಅಮೆರಿಕದಲ್ಲಿ ಕಡಿಮೆ ಆದಾಯದವರ ಬಾಡಿಗೆಯಲ್ಲಿ ಒಂದು ಪಾಲನ್ನು ಸರ್ಕಾರವೇ ಮಾಲೀಕನಿಗೆ ಕಟ್ಟುವ ಯೋಜನೆಗೆ ಸೆಕ್ಷನ್ 8 ಅಂತಾರೆ. ಬ್ರೋಕರ್‌ಗೆ, "ಸೆಕ್ಷನ್ 8ನವರು ಬೇಡ" ಅಂದೆ. ಆಕೆ ನನ್ನ ಮುಖ ನೋಡಿ, "ಈ ಮಾತು ಇನ್ನೊಬ್ಬರ ಹತ್ತಿರ ಆಡಬೇಡಿ. ನಮ್ಮ ರಾಜ್ಯದಲ್ಲಿ ಇದು ಕಾನೂನಿಗೆ ವಿರುದ್ಧ" ಅಂದರು. ಬಾಡಿಗೆ ದುಡ್ಡು ಸರ್ಕಾರದ ನೆರವಿನಿಂದ ಬರುತ್ತದೆ ಅನ್ನೋ ಒಂದೇ ಕಾರಣಕ್ಕೆ ನ್ಯೂಜೆರ್ಸಿಯಲ್ಲಿ ಯಾರನ್ನೂ ತಿರಸ್ಕರಿಸುವಂತಿಲ್ಲ. ನನಗದು ಗೊತ್ತೇ ಇರಲಿಲ್ಲ.

ಆಮೇಲೆ ಬಂದವರು ಶಾಲೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಒಬ್ಬ ತಾಯಿ, ಜೊತೆಗೆ ಇಬ್ಬರು ಮಕ್ಕಳು. ಚಿಕ್ಕವನಿಗೆ ನಾಲ್ಕು ವರ್ಷ. ಸೆಕ್ಷನ್ 8ರ ನೆರವಿನ ಪತ್ರ, ಅಂದರೆ ವೋಚರ್, ಕೊಟ್ಟಿದ್ದಾರೆ ಅಂದಮೇಲೆ ಯೋಜನೆ ನಡೆಸುವ ಸ್ಥಳೀಯ ಹೌಸಿಂಗ್ ಅಥಾರಿಟಿಯವರು ಆಕೆ ಎಂಥ ಬಾಡಿಗೆದಾರರು ಅಂತ ವಿಚಾರಿಸಿರುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಅವರು ನೋಡುವುದು ಆದಾಯ, ಸಂಸಾರದ ಗಾತ್ರ, ಅರ್ಹತೆ. ಬಾಡಿಗೆ ಸರಿಯಾಗಿ ಕಟ್ಟುತ್ತಾರಾ, ಮನೆ ಚೆನ್ನಾಗಿ ಇಟ್ಟುಕೊಳ್ಳುತ್ತಾರಾ ಅಂತ ನೋಡುವುದು ಮಾಲೀಕನ ಕೆಲಸ. ಹಿಂದಿನ ಇಬ್ಬರು ಮಾಲೀಕರಿಗೆ ಫೋನ್ ಮಾಡಿದೆ. ಈಗಿನ ಮಾಲೀಕರಿಗಿಂತ ಅದಕ್ಕೂ ಹಿಂದಿನವರ ಮಾತಿಗೆ ಬೆಲೆ ಜಾಸ್ತಿ. ಈಗಿನವರು ಕಳಿಸಿಬಿಟ್ಟರೆ ಸಾಕು ಅಂತ ಹೊಗಳಿದರೂ ಹೊಗಳಬಹುದು, ಅಲ್ವಾ?

ಲೆಕ್ಕ ಅರ್ಥವಾಗಲು ಒಂದು ಸಂಜೆಯೇ ಬೇಕಾಯಿತು. ನಾನು ಕೇಳಿದ್ದು 1,600 ಡಾಲರ್. ಸುತ್ತಮುತ್ತ ಇಂಥದ್ದೇ ಮನೆಗಳ ಬಾಡಿಗೆ ನೋಡಿ ಅಥಾರಿಟಿ 1,450ಕ್ಕೆ ಒಪ್ಪಿತು. ಗ್ಯಾಸು, ಕರೆಂಟು ಬಾಡಿಗೆದಾರರದ್ದಾದ್ದರಿಂದ ಅದಕ್ಕೆ ಅಂತ 150 ಸೇರಿಸಿ ಒಟ್ಟು 1,600 ಅಂತ ಹಿಡಿದರು. ಆಕೆಯ ಪಾಲು, ಕಳೆಯಬೇಕಾದ್ದನ್ನು ಕಳೆದು ಉಳಿಯುವ ತಿಂಗಳ ಆದಾಯದಲ್ಲಿ ಶೇ. 30, ಅಂದರೆ 510. ಅದರಲ್ಲಿ 150 ಗ್ಯಾಸು ಕರೆಂಟಿಗೆ ಹೋಯಿತು. ನನ್ನ ಕೈಗೆ ಆಕೆಯಿಂದ 360, ಸರ್ಕಾರದಿಂದ 1,090.

ಇದನ್ನು ಕೇಳಿದ ನಮ್ಮ ಕಡೆಯ ಸ್ನೇಹಿತರೊಬ್ಬರು, "ಕಮ್ಮಿಯಾದ ನೂರೈವತ್ತನ್ನ ಆಯಮ್ಮನ ಹತ್ರ ಕ್ಯಾಶಲ್ಲಿ ಇಸ್ಕೊಳ್ಳಿ, ಯಾರಿಗೆ ಗೊತ್ತಾಗತ್ತೆ" ಅಂದರು. ಈ ಕೆಲಸ ಮಾತ್ರ ಮಾಡಬೇಡಿ. ಒಪ್ಪಂದದಲ್ಲಿರುವ ಬಾಡಿಗೆಗಿಂತ ಒಂದು ಡಾಲರ್ ಜಾಸ್ತಿ ಕೈಯಲ್ಲಿ ಇಸ್ಕೊಂಡರೂ ಅದು ವಂಚನೆ. ಅಡ್ವಾನ್ಸ್ ಸರ್ಕಾರದ ಪಾಲಿನಲ್ಲಿ ಬರುವುದಿಲ್ಲ, ಅದನ್ನು ಬಾಡಿಗೆದಾರರೇ ಹೊಂದಿಸಬೇಕು. ಇಲ್ಲಿ ಒಂದೂವರೆ ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ತಗೊಂಡದ್ದನ್ನು ಬಡ್ಡಿ ಬರುವ ಖಾತೆಯಲ್ಲಿ ಇಡಬೇಕು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬೆಳೆದ ನನಗೆ ಇದು ತಮಾಷೆ ಅನ್ನಿಸಿತ್ತು.

ನಿಜವಾದ ಕಷ್ಟ ಶುರುವಾದದ್ದು ಅಥಾರಿಟಿಯವರು ಮನೆಗೆ ಬಂದು ಮಾಡುವ ಇನ್‌ಸ್ಪೆಕ್ಷನ್ನಿನಲ್ಲಿ. ಹೊಸ ಬಣ್ಣ ಹೊಡೆಸಿ, ನೆಲ ಹೊಳೆಯುವಂತೆ ಮಾಡಿಸಿ ಬಾಗಿಲಲ್ಲಿ ನಿಂತಿದ್ದೆ. ಇನ್‌ಸ್ಪೆಕ್ಟರ್ ನೆಲದ ಕಡೆ ನೋಡಲೇ ಇಲ್ಲ. ಒಲೆಯ ನಾಲ್ಕೂ ಬರ್ನರ್ ಹಚ್ಚಿದರು. ಪ್ರತಿ ಪ್ಲಗ್ ಪಾಯಿಂಟಿಗೂ ಟೆಸ್ಟರ್ ಇಟ್ಟರು. ಅಡುಗೆಮನೆಯ ಕಿಟಕಿಯ ಚಿಲಕ ಕೂರಲಿಲ್ಲ. ಹಿಂದಿನ ಐದು ಮೆಟ್ಟಿಲಿಗೆ ಹಿಡಿಗಂಬಿ ಇರಲಿಲ್ಲ. ಬಿಸಿನೀರಿನ ಟ್ಯಾಂಕಿನ ವಾಲ್ವಿನಿಂದ ಕೆಳಗೆ ಬರಬೇಕಾದ ಪೈಪೇ ಇರಲಿಲ್ಲ. ಕೊನೆಗೆ ಹೊರಗೆ ಹೋಗಿ ಮೇಲೆ ನೋಡಿದರು. ಕಿಟಕಿಯ ಹೊರಚೌಕಟ್ಟಿನಲ್ಲಿ ಬಣ್ಣ ಚಕ್ಕೆ ಎದ್ದಿತ್ತು. ಫೇಲ್.

ಚಿಲಕ, ಕಂಬಿ, ಪೈಪು ಎರಡು ದಿನದ ಕೆಲಸ. ಸಿಕ್ಕಿಕೊಂಡದ್ದು ಬಣ್ಣದಲ್ಲಿ. 1978ಕ್ಕೆ ಮೊದಲು ಕಟ್ಟಿದ ಮನೆ, ಆರು ವರ್ಷದೊಳಗಿನ ಮಗು. ಹಳೇ ಬಣ್ಣದಲ್ಲಿ ಮಕ್ಕಳಿಗೆ ವಿಷವಾಗುವ ಸೀಸ ಇರಬಹುದು, ಹಾಗಾಗಿ ಸೀಸದ ಬಣ್ಣದ ನಿಯಮ ಬಂತು. ಸುಮ್ನೆ ಕೆರೆದು ಹೊಡೆಯುವ ಹಾಗಿಲ್ಲ. ಅದಕ್ಕೇ ತರಬೇತಿ ಪಡೆದವರನ್ನು ಕರೆಸಿದೆ. ಮೂರು ವಾರ ಹೋಯಿತು. ಮನೆ ಪಾಸಾಗುವ ಮುಂಚಿನ ದಿನಗಳಿಗೆ ಸರ್ಕಾರ ದುಡ್ಡು ಕೊಡುವುದಿಲ್ಲ, ಆ ನಷ್ಟ ನನ್ನದೇ. ಈಗ ಯಾರಾದರೂ ಕೇಳಿದರೆ ನಾನು ಹೇಳೋದಿಷ್ಟು: ಮೊದಲು ಟೆಸ್ಟರ್ ಹಿಡಿದು ನೀವೇ ಮನೆ ಸುತ್ತಿ, ಬಣ್ಣದವನನ್ನು ಆಮೇಲೆ ಕರೆಯಿರಿ.

ಮೊದಲ ಕಂತು ಬಂದದ್ದು ಎರಡು ತಿಂಗಳು ತಡವಾಗಿ, ಹಿಂದಿನ ಬಾಕಿ ಎಲ್ಲ ಸೇರಿ ಒಟ್ಟಿಗೆ. ಹಾಸನದಿಂದ ಭಾವ ಫೋನ್ ಮಾಡಿದಾಗಲೆಲ್ಲ, "ಸರ್ಕಾರದ ದುಡ್ಡು ನಂಬ್ಕೊಂಡು ಸಾಲ ಮಾಡಿದ್ಯಲ್ಲೋ" ಅಂತಿದ್ದರು. ಆ ಎರಡು ತಿಂಗಳ ಬ್ಯಾಂಕ್ ಕಂತು ಕೈಯಿಂದ ಕಟ್ಟಲು ತಾಕತ್ತು ಇಲ್ಲದಿದ್ದರೆ ಈ ವ್ಯವಹಾರಕ್ಕೆ ಇಳಿಯಬೇಡಿ. ಅಲ್ಲಿಂದಾಚೆಗೆ ಮಾತ್ರ ಪ್ರತಿ ತಿಂಗಳೂ ಒಂದನೇ ತಾರೀಖು ಹೊತ್ತಿಗೆ ಖಾತೆಗೆ ಬೀಳುತ್ತಿತ್ತು.

2020 ಬಂತು. ಶಾಲೆ ಮುಚ್ಚಿತು, ಆಕೆಯ ಸಂಬಳ ಇಳಿಯಿತು. ಕೆಳಗಿನ ಮನೆಯ ಅಜ್ಜ ಊರಿಗೆ ಹೋದ ಮೇಲೆ ಅಲ್ಲಿಗೆ ಬಂದಿದ್ದವರದು ನಾಲ್ಕು ತಿಂಗಳ ಬಾಡಿಗೆ ಬಾಕಿಯಾಯಿತು. ಅವರನ್ನೂ ಬೈಯುವಂತಿರಲಿಲ್ಲ, ಪಾಪ. ಮೇಲಿನ ಮನೆಯಾಕೆ ಮಾತ್ರ ಆದಾಯ ಕಮ್ಮಿಯಾಯಿತು ಅಂತ ಅಥಾರಿಟಿಗೆ ಬರೆದುಕೊಟ್ಟರು. ಅವರು ಹೊಸದಾಗಿ ಲೆಕ್ಕ ಹಾಕಿದರು. ಆಕೆ ನನಗೆ ಕೊಡಬೇಕಾದ್ದು 60ಕ್ಕೆ ಇಳಿಯಿತು, ಸರ್ಕಾರದ್ದು 1,390ಕ್ಕೆ ಏರಿತು. ಒಟ್ಟು ಅದೇ 1,450. ಬೇಡ ಅಂತ ಬ್ರೋಕರ್ ಮುಂದೆ ಹಟ ಹಿಡಿದಿದ್ದ ಬಾಡಿಗೆಯೇ ಆ ವರ್ಷ ಮನೆಯ ಸಾಲ ಕಟ್ಟಿತು.

ನಿಯಮ ಬಿಗಿ, ನಿಜ. ಜೀವಕ್ಕೆ ಅಪಾಯ ತರುವಂಥ ದೋಷ ಸಿಕ್ಕರೆ 24 ಗಂಟೆಯಲ್ಲಿ, ಉಳಿದದ್ದನ್ನು 30 ದಿನದಲ್ಲಿ ಸರಿಮಾಡಬೇಕು. ಮಾಡದಿದ್ದರೆ ಸರ್ಕಾರದ ಪಾಲು ನಿಲ್ಲುತ್ತದೆ, ಅದನ್ನು ಬಾಡಿಗೆದಾರರ ಹತ್ತಿರ ಕೇಳುವಂತಿಲ್ಲ.

ಆಕೆಗೆ ಈಗ ಪೂರ್ತಿ ಹೊತ್ತಿನ ಕೆಲಸ ಸಿಕ್ಕಿದೆ. ಸರ್ಕಾರದ ಪಾಲು ಇಳಿಯುತ್ತಾ ಬಂದಿದೆ. ಅದು ಸೊನ್ನೆಯಾಗಿ 180 ದಿನ ಕಳೆದರೆ ನನ್ನ ಮತ್ತು ಅಥಾರಿಟಿಯ ಒಪ್ಪಂದ ತಾನಾಗೇ ಮುಗಿಯುತ್ತದೆ. ಆಗ ಮನೆ ಬಿಡಬೇಕಾಗುತ್ತದಾ ಅಂತ ಕೇಳಿದರು. ಯಾಕೆ ಬಿಡಬೇಕು, ಇಬ್ಬರೇ ಹೊಸ ಕರಾರು ಮಾಡಿಕೊಳ್ಳೋಣ ಅಂದೆ. ಸ್ವಲ್ಪ ಯೋಚಿಸಿ ಆಕೆ, "ಆಗಲೂ ಅಥಾರಿಟಿಯ ಇನ್‌ಸ್ಪೆಕ್ಟರ್ ಬರ್ತಾರಾ?" ಅಂದರು. ಇಲ್ಲ ಅಂದೆ. "ಹಾಗಾದರೆ ಅಡುಗೆಮನೆ ಕಿಟಕಿಯ ಚಿಲಕ ಮತ್ತೆ ಸಡಿಲಾಗಿದೆ, ಈಗಲೇ ಸರಿಮಾಡಿಸಿಬಿಡಿ."