ಹೊಸ ಮನೆಯ ಒಳಗೋಡೆಗೆ ಬಣ್ಣ ಯಾವಾಗ? ನಾವು ಮಾಡಿದ್ದು ಹೀಗೆ

ಶಿವಮೊಗ್ಗದಲ್ಲಿ ನಮ್ಮ ಮನೆಯ ಒಳಗಿನ ಗಾರೆ ಮುಗಿದಾಗ ಏಪ್ರಿಲ್ ಕೊನೆ. ಕ್ಯೂರಿಂಗ್, ಅಂದರೆ ಗಾರೆ ಗಟ್ಟಿಯಾಗಲು ದಿನಾ ನೀರು ಹಾಕೋದು, ಮುಗಿಯುವ ಹೊತ್ತಿಗೆ ಮೇ ಅರ್ಧ ಕಳೆದಿತ್ತು. ಜೂನ್‌ನಲ್ಲಿ ಮಳೆ ಹಿಡಿಯುತ್ತೆ, ಆಷಾಢದಲ್ಲಿ ಗೃಹಪ್ರವೇಶ ಮಾಡೋ ಹಾಗಿಲ್ಲ. ಶ್ರಾವಣದಲ್ಲಿ ಒಳ್ಳೆ ಮುಹೂರ್ತ ಇದೆ ಅಂತ ಅಪ್ಪ ಆಗಲೇ ಕೇಳಿಕೊಂಡು ಬಂದಿದ್ದರು. ಅಷ್ಟರೊಳಗೆ ಬಣ್ಣ ಪೂರ್ತಿ ಮುಗಿಸಿಬಿಡೋಣ ಅನ್ನೋದು ಎಲ್ಲರ ಮಾತು. ನಾನು ಒಪ್ಪಲಿಲ್ಲ. ಗೃಹಪ್ರವೇಶದ ದಿನವನ್ನು ಪಂಚಾಂಗ ನೋಡಿ ಇಡಬಹುದು, ಬಣ್ಣದ ದಿನವನ್ನು ಗೋಡೆ ನೋಡಿಯೇ ಇಡಬೇಕು ಅಂತ ಹಟ ಹಿಡಿದೆ.

ಯಾಕೆ ಅಂತ ಹೇಳ್ತೀನಿ. ಇಟ್ಟಿಗೆ ಕಟ್ಟಲು, ಗಾರೆ ಕಲಸಲು, ದಿನಾ ಪೈಪ್ ಹಿಡಿದು ಗೋಡೆ ನೆನೆಸಲು ಸಾವಿರಾರು ಲೀಟರ್ ನೀರು ಬೇಕು. ಸಿಮೆಂಟ್ ಅದರಲ್ಲಿ ಒಂದಿಷ್ಟನ್ನು ಮಾತ್ರ ಬಳಸಿಕೊಳ್ಳುತ್ತದೆ. ಮಿಕ್ಕಿದ್ದು ಗೋಡೆಯಿಂದ ಗಾಳಿಗೆ ಆರಿಯೇ ಹೋಗಬೇಕು. ಎಮಲ್ಷನ್ ಬಣ್ಣ ಅಂದರೆ ತೆಳುವಾದ ಪ್ಲಾಸ್ಟಿಕ್ ಪದರ. ಗೋಡೆ ಹಸಿ ಇರುವಾಗಲೇ ಅದನ್ನು ಹೊದಿಸಿದರೆ ಒಳಗಿನ ತೇವ ಅದನ್ನೇ ದೂಡುತ್ತದೆ. ಬಣ್ಣ ಗುಳ್ಳೆ ಏಳುತ್ತೆ, ಸಿಪ್ಪೆ ಕೀಳುತ್ತೆ. ನೀರಿನ ಜೊತೆ ಉಪ್ಪೂ ಹೊರಗೆ ಬಂದು ಬಿಳಿ ಪುಡಿಯಾಗಿ ಕೂರುತ್ತೆ. ಇನ್ನೊಂದು ವಿಷಯ ಇದೆ. ಹೊಸ ಗಾರೆಯಲ್ಲಿ ಕ್ಷಾರ ತುಂಬಾ ಜಾಸ್ತಿ, ಪಿಎಚ್ 12ರ ಆಚೀಚೆ ಇರುತ್ತದೆ. ತೇವ ಇರುವವರೆಗೂ ಆ ಕ್ಷಾರ ಬಣ್ಣವನ್ನು ತಿನ್ನುತ್ತಲೇ ಇರುತ್ತದೆ. ಕಡು ಬಣ್ಣಗಳು ಅಲ್ಲಲ್ಲಿ ಮಂಕಾಗುವುದಕ್ಕೆ ಇದೂ ಒಂದು ಕಾರಣ.

"28 ದಿನ ಬಿಟ್ಟರೆ ಸಾಕು" ಅಂತ ಎಲ್ಲರೂ ಹೇಳ್ತಾರೆ. ಅದು ಕನಿಷ್ಠ ಲೆಕ್ಕ. ಅದೂ ನೀರು ಹಾಕೋದು ನಿಲ್ಲಿಸಿದ ಮೇಲೆ, ಗಾಳಿ ಬಿಸಿಲು ಚೆನ್ನಾಗಿದ್ದರೆ. ಮಲೆನಾಡಿನ ಮಳೆಗಾಲದಲ್ಲಿ ಒಗೆದ ಬಟ್ಟೆಯೇ ಒಣಗಲ್ಲ, ಗೋಡೆ ಒಣಗುತ್ತಾ? ಬಳ್ಳಾರಿ, ಕಲಬುರಗಿ ಕಡೆಯ ಬೇಸಿಗೆಯ ಲೆಕ್ಕವೇ ಬೇರೆ. ಮಂಗಳೂರು ಕಡೆಯವರಿಗೆ ಮಾತ್ರ ನಮ್ಮ ಕಷ್ಟ ಚೆನ್ನಾಗಿ ಅರ್ಥ ಆಗುತ್ತೆ.

ಹಾಗಾಗಿ ನಾನು ದಿನ ಎಣಿಸುವ ಬದಲು ಗೋಡೆಯನ್ನೇ ಪರೀಕ್ಷೆ ಮಾಡಿದೆ. ಒಂದು ಅಡಿ ಅಗಲ, ಒಂದು ಅಡಿ ಉದ್ದದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತಗೊಂಡು, ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಟೇಪ್ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಡೋದು, ಅಷ್ಟೇ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ಅಥವಾ ಅದರಡಿಯ ಗಾರೆ ಕಪ್ಪಾಗಿದ್ದರೆ ತೇವ ಇನ್ನೂ ಬರ್ತಾ ಇದೆ ಅಂತ ಅರ್ಥ. ಕೈಯಿಟ್ಟು ನೋಡಿದರೆ ಇದು ಗೊತ್ತಾಗಲ್ಲ, ಮೇಲ್ಮೈ ಬೇಗ ಒಣಗಿಬಿಡುತ್ತೆ. ಪರೀಕ್ಷೆಗೆ ಜಾಗ ಆರಿಸುವುದೂ ಮುಖ್ಯ. ಬಿಸಿಲು ಬೀಳುವ ಹಾಲ್ ಗೋಡೆಗೆ ಅಂಟಿಸಿ ಸಮಾಧಾನ ಪಟ್ಟುಕೊಂಡರೆ ಪ್ರಯೋಜನ ಇಲ್ಲ. ನೆಲದಿಂದ ಒಂದಡಿ ಮೇಲೆ, ಬಚ್ಚಲಿನ ಹಿಂಬದಿ, ಉತ್ತರದ ಗೋಡೆ, ಇಂಥ ಕಡೆ ಅಂಟಿಸಬೇಕು. ನಮ್ಮಲ್ಲಿ ಜೂನ್ ಮೊದಲ ವಾರ ಹಾಲ್ ಮತ್ತು ಮುಂದಿನ ಕೋಣೆ ಒಣಗಿದ್ದವು. ಬಚ್ಚಲಿನ ಹಿಂದಿನ ಗೋಡೆಯಲ್ಲಿ ಹನಿ ಸಾಲುಗಟ್ಟಿತ್ತು.

ಗೃಹಪ್ರವೇಶಕ್ಕೆ ನೆಂಟರೆಲ್ಲ ಬರುವಾಗ ಬರೀ ಗಾರೆ ಗೋಡೆ ಹೇಗೆ ಬಿಡೋದು ಅಂತ ಅಮ್ಮನಿಗೆ ಬೇಜಾರು. ಸುಮ್ನೆ ಒಂದು ಕೈ ಸುಣ್ಣ ಹೊಡೆಸಿಬಿಡಿ ಅಂದರು. ಸುಣ್ಣದ ಮೂಲಕ ಗೋಡೆಯ ತೇವ ಆರುತ್ತದೆ, ಅದು ನಿಜ. ಆದರೆ ನಮ್ಮ ಪೇಂಟರ್ ತಡೆದರು. "ಸಾರ್, ಸುಣ್ಣ ಹೊಡೆದ್ರೆ ಆಮೇಲೆ ಅಷ್ಟನ್ನೂ ಕೆರೆದು ತೆಗೀಬೇಕು. ಇಲ್ಲಾಂದ್ರೆ ಪುಡಿ ಮೇಲೆ ಎಮಲ್ಷನ್ ಹಿಡಿಯಲ್ಲ" ಅಂದರು. ಅವರ ಮಾತು ಸರಿ. ಕೊನೆಗೆ ಒಣಗಿದ ಕೋಣೆಗಳಿಗೆ ಗೋಡೆ ನುಣುಪು ಮಾಡುವ ಬಿಳಿ ಸಿಮೆಂಟಿನ ಪುಟ್ಟಿ ಎರಡು ಕೋಟ್, ಎಮರಿ ಪೇಪರಿನಲ್ಲಿ ಉಜ್ಜಿ, ಮೇಲೆ ಒಂದು ಕೋಟ್ ವಾಟರ್ ಪ್ರೈಮರ್ (ಬಣ್ಣಕ್ಕೆ ಮುಂಚೆ ಹೊಡೆಯುವ ತಳ ಪದರ). ಅಲ್ಲಿಗೆ ನಿಲ್ಲಿಸಿದೆವು. ಒಣಗದ ಗೋಡೆಗಳನ್ನು ಮುಟ್ಟಲೇ ಇಲ್ಲ. ಬೆಳ್ಳಗಿನ ಗೋಡೆ, ಮಾವಿನ ತೋರಣ, ಚೆಂಡು ಹೂವು. ಮನೆ ತುಂಬಾ ಚೆನ್ನಾಗಿ ಕಂಡಿತು, ಅಮ್ಮನೂ ಖುಷಿಯಾದರು.

ಗೃಹಪ್ರವೇಶಕ್ಕೆ ಮುಂಚೆ ಕೊನೆ ಕೋಟ್ ಬೇಡ ಅನ್ನೋದಕ್ಕೆ ಹೋಮವೇ ದೊಡ್ಡ ಕಾರಣ. ಹಾಲ್ ಮಧ್ಯೆ ಹೋಮ ಮಾಡಿದ ಮೇಲೆ ಛಾವಣಿ ಹೊಗೆ ಹಿಡಿಯುತ್ತೆ. ಅಡುಗೆಮನೆಯಲ್ಲಿ ಹಾಲು ಉಕ್ಕಿಸ್ತೀವಿ, ನೂರು ಜನ ಗೋಡೆಗೆ ಒರಗ್ತಾರೆ, ಮಕ್ಕಳು ಕುಂಕುಮದ ಕೈ ಒರೆಸ್ತಾರೆ. ಅವೆಲ್ಲ ಆಗಲಿ, ಮನೆ ಇರೋದೇ ಅದಕ್ಕೆ ಅಲ್ವಾ. ನಮ್ಮಲ್ಲಿ ಮಸಿ ಕೂತಿದ್ದು ಪ್ರೈಮರ್ ಮೇಲೆ. ಒಣ ಬಟ್ಟೆಯಲ್ಲಿ ಒರೆಸಿ, ಎಮರಿಯಿಂದ ತಿಕ್ಕಿ, ಅಷ್ಟು ಜಾಗಕ್ಕೆ ಮತ್ತೆ ಪ್ರೈಮರ್ ಕೊಟ್ಟರು.

ಆಮೇಲೆ ಮರದ ಕೆಲಸ. ವಾರ್ಡ್‌ರೋಬ್, ಅಡುಗೆಮನೆ ಕಪಾಟು ಎಲ್ಲ ಕೂರಿಸುವಾಗ ಡ್ರಿಲ್ಲಿಂಗ್, ಕಟಿಂಗ್, ಧೂಳು. ಬಾಗಿಲಿಗೆ ಸ್ಪ್ರೇ ಪಾಲಿಶ್ ಹೊಡೆದರೆ ಅದರ ಸಣ್ಣ ಹನಿ ಪಕ್ಕದ ಗೋಡೆ ಮೇಲೂ ಕೂರುತ್ತದೆ. ನೆಲದ ಟೈಲ್ಸ್ ಅಂಚಿಗೆ ಸ್ಕರ್ಟಿಂಗ್ ಪಟ್ಟಿ ಕೂರಿಸುವಾಗ ಗೋಡೆಯ ಬುಡ ಗೀಚುತ್ತೆ. ಇವೆಲ್ಲ ಮುಗಿಯುವ ತನಕ ಕಾದೆವು. ಆ ತಿಂಗಳುಗಳಲ್ಲಿ ಬಾಡಿಗೆ ಮನೆಯ ಬಾಡಿಗೆ ಒಂದು ಕಡೆ, ಬ್ಯಾಂಕ್ ಕಂತು ಒಂದು ಕಡೆ. ಅದು ಸಣ್ಣ ಹೊರೆ ಅಲ್ಲ. ಆದರೂ ಒಂದೇ ಗೋಡೆಗೆ ಎರಡೆರಡು ಸಲ ದುಡ್ಡು ಸುರಿಯೋದಕ್ಕಿಂತ ಕಾಯುವುದೇ ಮೇಲು ಅಂತ ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತೆ.

ಕಾದದ್ದರಿಂದ ಇನ್ನೊಂದು ಲಾಭವೂ ಆಯ್ತು. ಗಾರೆ ಒಣಗುತ್ತಾ ಕುಗ್ಗುತ್ತದೆ, ಬಿರುಕು ಬರೋದು ಆವಾಗಲೇ. ಮಳೆಗಾಲ ಕಳೆದ ಮೇಲೆ ಕಿಟಕಿಯ ಮೂಲೆಗಳಲ್ಲಿ, ಕಂಬಕ್ಕೂ ಇಟ್ಟಿಗೆ ಗೋಡೆಗೂ ಸೇರುವ ಕಡೆ ಕೂದಲೆಳೆಯಂಥ ಬಿರುಕುಗಳು ಕಂಡವು. ಪೈಪಿಗೆ ಗೋಡೆ ಕೊರೆದು ಮುಚ್ಚಿದ ಜಾಗದಲ್ಲೂ ಇದ್ದವು. ಒಂದೊಂದನ್ನೂ ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟೆ. ಪೇಂಟರ್ ಅವನ್ನೆಲ್ಲ ಸ್ವಲ್ಪ ಅಗಲ ಕೆರೆದು ಕ್ರ್ಯಾಕ್ ಫಿಲ್ಲರ್ ತುಂಬಿದರು. ಬಣ್ಣ ಮೊದಲೇ ಆಗಿದ್ದರೆ ಈ ಗೆರೆಗಳೆಲ್ಲ ಬಣ್ಣದ ಮೇಲೇ ಮೂಡುತ್ತಿದ್ದವು.

ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಎಮಲ್ಷನ್ ಶುರು ಮಾಡಿದೆವು. ಬೆಳಗ್ಗೆ ಇಬ್ಬನಿ ಹೋಗಿ ಬಿಸಿಲು ಬಂದ ಮೇಲೇ ಕೆಲಸ, ಕಿಟಕಿ ಎಲ್ಲ ತೆರೆದು. ಮೊದಲ ಕೋಟ್ ಆದ ಮೇಲೆ ಎಲೆಕ್ಟ್ರಿಷಿಯನ್ ಬಂದು ಸ್ವಿಚ್, ಫ್ಯಾನ್, ಲೈಟ್ ಹಾಕಿದರು. ಅವರ ಕೈಗುರುತು, ಸ್ಕ್ರೂ ಗೀರು ಎಲ್ಲ ಒರೆಸಿ, ಸ್ವಿಚ್ ಪ್ಲೇಟಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಕೊನೆ ಕೋಟ್. ಎರಡು ಕೋಟ್ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಲೇಬೇಕು. ನಾವು ಮಾರನೇ ದಿನಕ್ಕೇ ಬಿಟ್ಟೆವು.

ಬಚ್ಚಲಿನ ಹಿಂದಿನ ಗೋಡೆ ಮಾತ್ರ ಆಗಲೂ ಪೂರ್ತಿ ಒಣಗಿರಲಿಲ್ಲ. ಮನೆಗೆ ಬಂದು ಉಳಿದ ಮೇಲೂ ಅದನ್ನು ಹಾಗೇ ಬಿಟ್ಟಿದ್ದೆವು. ಫೆಬ್ರವರಿಯಲ್ಲಿ ಹಾಳೆ ಅಂಟಿಸಿ ನೋಡಿದಾಗ ಹನಿ ಇರಲಿಲ್ಲ, ಆಗ ಪುಟ್ಟಿಯಿಂದ ಶುರು ಮಾಡಿ ಹೊಡೆಸಿದೆವು. ಇದಕ್ಕೆ ಅಂತಲೇ ಅದೇ ಬಣ್ಣದ ಒಂದು ಡಬ್ಬಿ ಉಳಿಸಿ, ಮುಚ್ಚಳದ ಮೇಲೆ ಶೇಡ್ ನಂಬರ್ ಬರೆದಿಟ್ಟಿದ್ದೆ. ಮಂಚ, ಬೀರು ಸಾಗಿಸುವಾಗ ಆದ ಗೀರುಗಳಿಗೂ ಅದೇ ಡಬ್ಬಿ ಸಾಕಾಯ್ತು.