ಬ್ಯಾಂಕಿನ ತಪ್ಪಿನಿಂದ ನಷ್ಟವಾದರೆ ಪರಿಹಾರ ಕೇಳುವುದು ಹೀಗೆ

ಖಾತೆಯಲ್ಲಿ ಹಣವಿದ್ದೂ ಚೆಕ್ ಬೌನ್ಸ್ ಆಯಿತು, ಎಟಿಎಂನಲ್ಲಿ ನೋಟು ಬರದೆ ಹಣ ಮಾತ್ರ ಕಡಿತವಾಯಿತು, ಸಾಲ ತೀರಿಸಿದರೂ ಮನೆಪತ್ರ ಕೈಗೆ ಬರಲಿಲ್ಲ. ಇಂಥಾಗ ಹೆಚ್ಚಿನವರು ತಮ್ಮದು ತಮಗೆ ಬಂದರೆ ಸಾಕೆಂದು ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ. ಹಣ ಹಿಂದಿರುಗಿಸುವುದು ಬೇರೆ, ಆದ ನಷ್ಟ ತುಂಬಿಕೊಡುವುದು ಬೇರೆ.

ಕೆಲವಕ್ಕೆ ರಿಸರ್ವ್ ಬ್ಯಾಂಕೇ ದರ ಕಟ್ಟಿದೆ. 2019ರ ಸುತ್ತೋಲೆಯಂತೆ ಎಟಿಎಂ ಹಣ 5 ದಿನದೊಳಗೆ ತಾನಾಗಿ ಜಮೆಯಾಗಬೇಕು. ಯುಪಿಐನಲ್ಲಿ ಇನ್ನೊಬ್ಬರಿಗೆ ಕಳಿಸಿದ್ದು ತಲುಪದಿದ್ದರೆ ಮರುದಿನದೊಳಗೆ. ತಡವಾದರೆ ದಿನಕ್ಕೆ ₹100, ಅದೂ ನೀವು ಕೇಳದೆಯೇ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಆಸ್ತಿಪತ್ರ ಕೊಡದಿದ್ದರೆ, ತಡ ಬ್ಯಾಂಕಿನಿಂದಲೇ ಆಗಿದ್ದರೆ, ದಿನಕ್ಕೆ ₹5,000. ಪತ್ರ ಕಳೆದುಹಾಕಿದ್ದರೆ ನಕಲು ಮಾಡಿಸುವ ಖರ್ಚೂ ಅವರದೇ. ಆದರೆ ಆಗ ದಿನದ ಲೆಕ್ಕ 60 ದಿನದ ನಂತರ ಶುರು.

ಚೆಕ್ಕಿಗೆ ಇಂಥ ದರವಿಲ್ಲ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 31ನೇ ಕಲಂ ಪ್ರಕಾರ, ಸಾಕಷ್ಟು ಹಣವಿದ್ದೂ ಬ್ಯಾಂಕು ಪಾವತಿಸದಿದ್ದರೆ ಚೆಕ್ ಬರೆದವರ ನಷ್ಟವನ್ನು ತುಂಬಿಕೊಡಬೇಕು. ಇಲ್ಲಿ ಪುರಾವೆಯೇ ಜೀವಾಳ. ಚೆಕ್ ಏಕೆ ವಾಪಸಾಯಿತೆಂದು ಬ್ಯಾಂಕು ಕೊಡುವ ಚೀಟಿ, ಅಂದರೆ ರಿಟರ್ನ್ ಮೆಮೊ, ಸಾಮಾನ್ಯವಾಗಿ ಚೆಕ್ ಪಡೆದವರ ಬಳಿ ಇರುತ್ತದೆ. ಪ್ರತಿ ತರಿಸಿ ಕಾರಣ, ದಿನಾಂಕ ಎರಡನ್ನೂ ಓದಿ. ಆ ದಿನದ ಸ್ಟೇಟ್‌ಮೆಂಟನ್ನು ಪಕ್ಕದಲ್ಲಿಟ್ಟು ನೋಡಿ. ದಿನದ ಕೊನೆಯ ಬ್ಯಾಲೆನ್ಸ್ ತೋರಿಸಿದರೆ ಸಾಲದು. ಚೆಕ್ ಬೆಳಿಗ್ಗೆ ಬಂದು, ಹಣ ಸಂಜೆ ಜಮೆಯಾಗಿದ್ದರೆ ನಿಮ್ಮ ವಾದ ಅಲ್ಲೇ ಬಿದ್ದುಹೋಗುತ್ತದೆ. ಖಾತೆಯ ಮೇಲೆ ಲಿಯನ್ ಇದ್ದರೂ, ಅಂದರೆ ಹಣವನ್ನು ಬಳಸದಂತೆ ತಡೆಹಿಡಿದಿದ್ದರೂ, ಅಷ್ಟೇ.

ಆಮೇಲೆ ಲೆಕ್ಕ ಬರೆಯಿರಿ. ಉದಾಹರಣೆಗೆ: ಬೌನ್ಸ್ ಶುಲ್ಕ ₹590, ಎದುರಿನವರು ಹಾಕಿದ ದಂಡ ₹2,000, ಓಡಾಟ ₹400, ಒಟ್ಟು ₹2,990. ಪ್ರತಿ ಸಾಲಿಗೂ ಒಂದು ರಸೀದಿ ಇರಲಿ. ಮಾನಸಿಕ ಕಿರುಕುಳಕ್ಕೆ ಕೇಳುವ ಮೊತ್ತವನ್ನು ಬೇರೆಯಾಗಿ ತೋರಿಸಿ. ‘ತುಂಬಾ ತೊಂದರೆಯಾಯಿತು’ ಎಂದಷ್ಟೇ ಬರೆದರೆ ಬರೀ ಕ್ಷಮಾಪಣೆ ಪತ್ರ ಬರುತ್ತದೆ.

ದೂರನ್ನು ಎರಡು ಪ್ರತಿ ಮಾಡಿ ಶಾಖೆಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಇಮೇಲ್ ಆದರೂ ಸರಿ. ಬರೀ ಫೋನ್ ಮಾಡಿ ಬಿಟ್ಟರೆ ಮುಂದೆ ತೋರಿಸಲು ಏನೂ ಇರುವುದಿಲ್ಲ. 30 ದಿನದೊಳಗೆ ಉತ್ತರ ಬರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅದರ ಆನ್‌ಲೈನ್ ದೂರು ತಾಣವಾದ ಸಿಎಂಎಸ್ ಪೋರ್ಟಲ್‌ನಲ್ಲಿ ದೂರು ಕೊಡಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಬ್ಯಾಂಕಿಗೆ ಮೊದಲು ಬರೆಯದೆ ಹೋದರೆ ದೂರನ್ನು ಪರಿಗಣಿಸುವುದಿಲ್ಲ. ಅದೇ ವಿಷಯ ಗ್ರಾಹಕ ಆಯೋಗದಲ್ಲಿ ನಡೆಯುತ್ತಿದ್ದರೂ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಒಂಬುಡ್ಸ್‌ಮನ್ ಮೊದಲು, ಆಯೋಗ ಆಮೇಲೆ. ಆಯೋಗಕ್ಕೆ ಹೋಗಲು 2 ವರ್ಷದ ಗಡುವಿದೆ.

ನಡುವೆ ಬ್ಯಾಂಕು ಸ್ವಲ್ಪ ಹಣ ಕೊಟ್ಟು ‘ಪೂರ್ಣ ಮತ್ತು ಅಂತಿಮ’ ಎಂಬ ಪತ್ರಕ್ಕೆ ಸಹಿ ಕೇಳಬಹುದು. ಸಹಿ ಹಾಕಿದರೆ ಉಳಿದದ್ದನ್ನು ಕೇಳುವುದು ಕಷ್ಟ. ಕೇಳದೆಯೇ ಖಾತೆಗೆ ಹಾಕಿದ್ದರೆ, ‘ಇದು ಭಾಗಶಃ ಮಾತ್ರ, ಉಳಿದ ಮೊತ್ತ ಬಾಕಿ ಇದೆ’ ಎಂದು ಅಂದೇ ಇಮೇಲ್ ಮಾಡಿ.