144 ಹರ್ಟ್ಸ್ ಮಾನಿಟರ್ ತಂದಿರಿ, ಅದು 60ರಲ್ಲೇ ಓಡ್ತಿಲ್ಲ ತಾನೆ?

ಗೇಮಿಂಗ್ ಮಾನಿಟರ್ ಡಬ್ಬಿಯ ಮೇಲೆ 144, 165, 240 ಹರ್ಟ್ಸ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಮನೆಗೆ ತಂದು, ಕೇಬಲ್ ಚುಚ್ಚಿ ಆನ್ ಮಾಡಿದರೆ ಚಿತ್ರವೇನೋ ಬರುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ ಅದು ಓಡುತ್ತಿರುವುದು 60 ಹರ್ಟ್ಸ್‌ನಲ್ಲೇ. ವಿಂಡೋಸ್ ತಾನಾಗಿ ಸರಿ ಮಾಡಿಕೊಳ್ಳುತ್ತದೆ ಎಂದು ನಂಬಿ ಕೂರುವಂತಿಲ್ಲ.

ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸುತ್ತದೆ ಎಂಬುದೇ ಹರ್ಟ್ಸ್ ಲೆಕ್ಕ. 60ರಲ್ಲಿ ಒಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ನಿಲ್ಲುತ್ತದೆ. 144ರಲ್ಲಿ 6.9, 240ರಲ್ಲಿ 4.2. ಅಂದರೆ 60ರಿಂದ 144ಕ್ಕೆ ಹೋದಾಗ ಹತ್ತಿರ ಹತ್ತಿರ 10 ಮಿಲಿಸೆಕೆಂಡ್ ಉಳಿಯುತ್ತದೆ. 144ರಿಂದ 240ಕ್ಕೆ ಹೋದರೆ 3 ಕೂಡ ಉಳಿಯುವುದಿಲ್ಲ. ಮೊದಲನೆಯ ವ್ಯತ್ಯಾಸ ಯಾರಿಗಾದರೂ ಕಾಣುತ್ತದೆ. ಎರಡನೆಯದಕ್ಕೆ ಜಾಸ್ತಿ ದುಡ್ಡು ಕೊಡುವ ಮೊದಲು ಸ್ವಲ್ಪ ಯೋಚಿಸಿ.

ಮೊದಲು ಮೇಜಿನ ಹಿಂದೆ ಬಗ್ಗಿ ಕೇಬಲ್ ನೋಡಿ. ಅದು ಗ್ರಾಫಿಕ್ಸ್ ಕಾರ್ಡ್‌ಗೇ ಹೋಗಿದೆಯಾ? ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದ್ದರೆ ಮದರ್‌ಬೋರ್ಡ್‌ನ ಪೋರ್ಟ್‌ಗೆ ಚುಚ್ಚಿದರೂ ಚಿತ್ರ ಬಂದುಬಿಡುತ್ತದೆ. ಮೋಸ ಹೋಗುವುದೇ ಇಲ್ಲಿ. ಸಾವಿರಾರು ರೂಪಾಯಿಯ ಕಾರ್ಡ್ ಪಕ್ಕದಲ್ಲಿ ಸುಮ್ನೆ ಕೂತಿರುತ್ತದೆ.

ಆಮೇಲೆ ಕೇಬಲ್ ಯಾವ ಬಗೆಯದು ಎಂದು ನೋಡಿ. ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಹಾಕಿ. ಹಳೆಯ 1.2 ಆವೃತ್ತಿಯೂ 1440ಪಿಯಲ್ಲಿ (ಅಂದರೆ ಮೇಲಿಂದ ಕೆಳಗೆ 1440 ಸಾಲು ಚುಕ್ಕೆಗಳಿರುವ ಪರದೆಯಲ್ಲಿ) 144 ಹರ್ಟ್ಸ್ ಕೊಡುತ್ತದೆ. ಎಚ್‌ಡಿಎಂಐನಲ್ಲಿ ಮಾತ್ರ ಎಚ್ಚರ ಬೇಕು. 1.4 ಆದರೆ 1080ಪಿಯಲ್ಲೂ 120ಕ್ಕಿಂತ ಮೇಲೆ ಹೋಗುವುದು ಕಷ್ಟ. 2.0 ಆದರೆ 1440ಪಿಯಲ್ಲಿ 144ರವರೆಗೆ ಪರವಾಗಿಲ್ಲ. 4ಕೆ ಪರದೆಯಲ್ಲಿ 120, 144 ಬೇಕಿದ್ದರೆ ಎಚ್‌ಡಿಎಂಐ 2.1 ಅಥವಾ ಡಿಸ್‌ಪ್ಲೇಪೋರ್ಟ್ 1.4 ಹುಡುಕಿ. ಕಾರ್ಡ್, ಕೇಬಲ್, ಮಾನಿಟರ್ ಮೂರರಲ್ಲಿ ಯಾವುದು ಹಳೆಯದೋ ಅದರ ಮಿತಿಯೇ ಕೊನೆಗೆ ಉಳಿಯುವುದು. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಕೊಳ್ಳುವವರು ಬರೀ 'ಎಚ್‌ಡಿಎಂಐ ಕೇಬಲ್ ಕೊಡಿ' ಎನ್ನಬೇಡಿ, ಆವೃತ್ತಿಯನ್ನೂ ಹೇಳಿ.

ಈಗ ವಿಂಡೋಸ್ 11ಕ್ಕೆ ಬನ್ನಿ. ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಒಂದೊಂದಾಗಿ ತೆರೆಯಿರಿ. ಎರಡು ಮಾನಿಟರ್ ಇದ್ದರೆ ಮೇಲ್ಗಡೆ ಸರಿಯಾದದ್ದನ್ನು ಆರಿಸಿ. ರಿಫ್ರೆಶ್ ರೇಟ್ ಪಟ್ಟಿಯಲ್ಲಿ ದೊಡ್ಡ ಅಂಕಿಯನ್ನು ಒತ್ತಿ. 143.98 ಎಂದು ಕಂಡರೆ ಗಾಬರಿ ಬೇಡ, ಅದು 144ರ ಲೆಕ್ಕವೇ. ಆ ಅಂಕಿ ಪಟ್ಟಿಯಲ್ಲೇ ಇಲ್ಲವಾದರೆ ತಪ್ಪು ಕೇಬಲ್‌ನದ್ದು ಇರಬಹುದು. ಇಲ್ಲವೇ ಮಾನಿಟರ್‌ನ ಸ್ವಂತ ಮೆನುವಿನಲ್ಲಿ ಓವರ್‌ಕ್ಲಾಕ್ ಎಂಬ, ಪರದೆಯನ್ನು ನಿಗದಿಗಿಂತ ವೇಗವಾಗಿ ಓಡಿಸುವ ಆಯ್ಕೆ ಆಫ್ ಆಗಿರಬಹುದು. ಬದಲಾದದ್ದು ಗೊತ್ತಾಗಬೇಕೇ? ಮೌಸ್ ಹಿಡಿದು ಗುಂಡಗೆ ಜೋರಾಗಿ ತಿರುಗಿಸಿ. ಬಾಣದ ಗುರುತುಗಳು ಮೊದಲಿಗಿಂತ ಒತ್ತೊತ್ತಾಗಿ ಕಾಣುತ್ತವೆ.

ಅಂದಹಾಗೆ, 60 ಹರ್ಟ್ಸ್ ನಾವು ಹಿಂದಕ್ಕೆ ಹೋಗಿ ಒಪ್ಪಿಕೊಂಡ ಅಂಕಿ. ಸೈಬರ್ ಕೆಫೆ ಕಾಲದ ಡಬ್ಬಾ ಮಾನಿಟರ್‌ಗಳು 60ರಲ್ಲಿ ಮಿನುಗುತ್ತಿದ್ದವು. ಅದಕ್ಕೇ 75, 85ಕ್ಕೆ ಏರಿಸುತ್ತಿದ್ದೆವು. ಎಲ್‌ಸಿಡಿ ಬಂದ ಮೇಲೆ ಎಲ್ಲರೂ 60ಕ್ಕೆ ಇಳಿದೆವು. 2009ರ ಸುಮಾರಿಗೆ 120 ಹರ್ಟ್ಸ್ ಎಲ್‌ಸಿಡಿಗಳು ಬಂದದ್ದೂ ಎನ್‌ವಿಡಿಯಾದ 3ಡಿ ಕನ್ನಡಕಕ್ಕಾಗಿ. ಆ ಕನ್ನಡಕವನ್ನು ಈಗ ಕೇಳುವವರಿಲ್ಲ.

ಮುಂದಿನದು, ಪರದೆಯ ಚುಕ್ಕೆಗಳು ಬೇಗ ಬಣ್ಣ ಬದಲಿಸುವಂತೆ ಮಾಡುವ ಮಾನಿಟರ್ ಮೆನುವಿನ ಓವರ್‌ಡ್ರೈವ್. ಕೆಲವರು ಇದನ್ನು ರೆಸ್ಪಾನ್ಸ್ ಟೈಮ್ ಎನ್ನುತ್ತಾರೆ, ಬೆನ್‌ಕ್ಯೂನಲ್ಲಿ ಎಎಂಎ ಎಂದಿರುತ್ತದೆ. ತೀರಾ ಮೇಲಿನ ಹಂತಕ್ಕೆ ಹಾಕಿದರೆ ಓಡುವ ವಸ್ತುವಿನ ಹಿಂದೆ ಬೆಳ್ಳಗಿನ ಅಂಚು ಕಾಣುತ್ತದೆ. ಆಫ್ ಮಾಡಿದರೆ ಮಸುಕು ಬಾಲ. ಮಧ್ಯದ ಹಂತದಿಂದ ಶುರು ಮಾಡಿ. ಡಬ್ಬಿಯ ಮೇಲಿನ '1 ಎಂಎಸ್' ಸಾಮಾನ್ಯವಾಗಿ ಆ ಮೇಲಿನ ಹಂತದ ಅಳತೆ, ಅದನ್ನು ನೋಡಿ ಮರುಳಾಗಬೇಡಿ.

ಚಿತ್ರ ಅಡ್ಡಡ್ಡ ಹರಿದಂತೆ ಕಂಡರೆ ಫ್ರೀಸಿಂಕ್ (ಎಎಂಡಿ ಕಂಪನಿಯದು) ಅಥವಾ ಜಿ-ಸಿಂಕ್ (ಎನ್‌ವಿಡಿಯಾದು) ಆನ್ ಮಾಡಿ. ಕಾರ್ಡ್ ಎಷ್ಟು ವೇಗದಲ್ಲಿ ಚಿತ್ರ ಕೊಡುತ್ತದೋ ಪರದೆಯೂ ಅಷ್ಟೇ ವೇಗದಲ್ಲಿ ನಡೆಯುತ್ತದೆ. 2019ರಿಂದ ಎನ್‌ವಿಡಿಯಾ ಕಾರ್ಡ್‌ಗಳೂ ಅನೇಕ ಫ್ರೀಸಿಂಕ್ ಮಾನಿಟರ್‌ಗಳ ಜೊತೆ ಹೊಂದಿಕೊಳ್ಳುತ್ತವೆ. ಮೊದಲು ಮಾನಿಟರ್ ಮೆನುವಿನಲ್ಲಿ ಆನ್ ಮಾಡಿ, ಆಮೇಲೆ ಕಾರ್ಡ್‌ನ ಸಾಫ್ಟ್‌ವೇರ್‌ನಲ್ಲಿ. ಜೊತೆಗೆ ಫ್ರೇಮ್ ಮಿತಿಯನ್ನು, ಅಂದರೆ ಕಾರ್ಡ್ ಸೆಕೆಂಡಿಗೆ ಹೆಚ್ಚೆಂದರೆ ಎಷ್ಟು ಚಿತ್ರ ಕೊಡಬೇಕೆಂಬ ಅಂಕಿಯನ್ನು, ಹರ್ಟ್ಸ್‌ಗಿಂತ ಮೂರ್ನಾಲ್ಕು ಕಮ್ಮಿ ಇಡಿ. 144ಕ್ಕೆ 141 ಸಾಕು.

ಕೊನೆಗೆ ಗೇಮ್‌ನ ಒಳಗೆ ನೋಡಿ. ಅಲ್ಲೂ ಬೇರೆಯಾಗಿ ರಿಫ್ರೆಶ್ ರೇಟ್, ಫ್ರೇಮ್ ಮಿತಿ ಇರುತ್ತವೆ. 60ಕ್ಕೆ ಕಟ್ಟಿದ್ದರೆ ಬಿಚ್ಚಿ. ಪರದೆ 144 ಹರ್ಟ್ಸ್ ಇದ್ದು ಕಾರ್ಡ್ 70 ಫ್ರೇಮ್ ಮಾತ್ರ ಕೊಡುತ್ತಿದ್ದರೆ ನಿಮಗೆ ಕಾಣುವುದು 70 ಅಷ್ಟೇ ಅಲ್ವಾ? ನೆರಳು, ಪ್ರತಿಬಿಂಬದ ಗುಣಮಟ್ಟ ಇಳಿಸಿ. ವ್ಯಾಲೊರಂಟ್‌ನಂಥ ಹಗುರ ಗೇಮ್‌ನಲ್ಲಿ ಸಾಧಾರಣ ಕಾರ್ಡ್ ಕೂಡ 144 ಮುಟ್ಟುತ್ತದೆ. ಎಲ್ಡನ್ ರಿಂಗ್ ಪಿಸಿಯಲ್ಲಿ 60ಕ್ಕೇ ನಿಲ್ಲುತ್ತದೆ. ಅದನ್ನೇ ಆಡುವವರಾದರೆ ಹೆಚ್ಚಿನ ಹರ್ಟ್ಸ್ ಬದಲು ಒಳ್ಳೆಯ ಬಣ್ಣದ ಪರದೆಗೆ ದುಡ್ಡು ಹಾಕಿ.

ಲ್ಯಾಪ್‌ಟಾಪ್‌ನವರು ಚಾರ್ಜರ್ ಚುಚ್ಚಿಯೇ ಪರೀಕ್ಷಿಸಿ. ಬ್ಯಾಟರಿಯಲ್ಲಿದ್ದಾಗ ಕೆಲವು ತಾವೇ 60ಕ್ಕೆ ಇಳಿಯುತ್ತವೆ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದ ಮೇಲೂ ಒಮ್ಮೆ ಅದೇ ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟಕ್ಕೆ ಹೋಗಿ ಅಂಕಿ ನೋಡಿಬಿಡಿ.